ವಾಕ್ಯವನ್ನು ಬಾಲದಿಂದ ತಿದ್ದಿ

“ನಿನ್ನೆಯ ಸಭೆಗೆ ಯಾರು ಬರಲಿಲ್ಲ.”

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಇಂಥ ಸಾಲು ಬಂದರೆ ಓದಿದವರಲ್ಲಿ ಕೆಲವರು ಬಾರದವರ ಹೆಸರು ಕೊಡಲು ಶುರು ಮಾಡುತ್ತಾರೆ. ಇನ್ನು ಕೆಲವರು ‘ನಾನು ಬಂದಿದ್ದೆನಲ್ಲ’ ಎಂದು ವಾದಕ್ಕೆ ನಿಲ್ಲುತ್ತಾರೆ. ಬರೆದವರು ಹೇಳಬೇಕೆಂದಿದ್ದದ್ದು ಒಬ್ಬರೂ ಬರಲಿಲ್ಲ ಎಂದು. ಅದಕ್ಕೆ ಬೇಕಿದ್ದದ್ದು ‘ರು’ವಿನ ಕೊಂಬಿಗೆ ಒಂದು ಇಳಿ: “ಯಾರೂ ಬರಲಿಲ್ಲ.” ಹ್ರಸ್ವವಾದರೆ ಪ್ರಶ್ನೆ, ದೀರ್ಘವಾದರೆ ಹೇಳಿಕೆ. “ಏನು ಇಲ್ಲ”, “ಏನೂ ಇಲ್ಲ”. “ಎಲ್ಲಿ ಸಿಗಲಿಲ್ಲ”, “ಎಲ್ಲೂ ಸಿಗಲಿಲ್ಲ” ಇವುಗಳ ಕಥೆಯೂ ಇದೇ. ಮಾತಿನಲ್ಲಿ ಈ ತಪ್ಪು ಯಾರಿಂದಲೂ ಆಗುವುದಿಲ್ಲ. ಬರೆಯಲು ಕೂತಾಗ ಮಾತ್ರ ಆಗುತ್ತದೆ.

ಮನೆಯಲ್ಲಿ ಚೆಂದದ ಕನ್ನಡ ಮಾತಾಡಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಮೇಲ್ ಬರೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ. ಸಂಘದ ನೋಟಿಸು, ಮಗುವಿನ ಶಾಲೆಗೆ ರಜೆಯ ಅರ್ಜಿ, ವಾರ್ಡ್ ಕಚೇರಿಗೆ ದೂರು, ಬ್ಲಾಗು ಬರೆಯುವ ಹೊತ್ತು ಬಂದಾಗ ಇವರ ಕೈ ತಡೆಯುತ್ತದೆ. ವ್ಯಾಕರಣ ಕಲಿಯಬೇಕು ಎಂದುಕೊಂಡು ಹೈಸ್ಕೂಲಿನ ಪುಸ್ತಕ ತೆಗೆದರೆ ಮೊದಲು ಸಿಗುವುದು ಸಂಧಿ, ಆಮೇಲೆ ಸಮಾಸ. ಇನ್ನೂ ಶ್ರದ್ಧೆಯಿರುವವರು ಕೇಶಿರಾಜನ ‘ಶಬ್ದಮಣಿದರ್ಪಣ’ಕ್ಕೇ ಕೈ ಹಾಕುತ್ತಾರೆ. ಅದು 13ನೇ ಶತಮಾನದ್ದು, ಹಳಗನ್ನಡದ ವ್ಯಾಕರಣ. ಅದನ್ನು ಓದುವ ಸುಖವೇ ಬೇರೆ, ಆದರೆ ನಾಳೆಯ ನೋಟಿಸಿಗೆ ಅದು ನೆರವಾಗುವುದಿಲ್ಲ. ಸಂಧಿಯೂ ಬೇಕು, ಅದರ ಜಾಗ ಮುಂದೆ ಬರುತ್ತದೆ. ಆದರೆ ವಾಕ್ಯ ಕೆಡುವುದು ಸಂಧಿಯಲ್ಲಲ್ಲ.

ಕನ್ನಡ ವಾಕ್ಯದ ಭಾರವೆಲ್ಲ ಕೊನೆಯ ಕ್ರಿಯಾಪದದ ಮೇಲಿದೆ. ಯಾರು, ಒಬ್ಬರೋ ಹಲವರೋ, ಹೆಣ್ಣೋ ಗಂಡೋ ವಸ್ತುವೋ, ಆಯಿತೋ ಆಗಬೇಕೋ, ಹೌದೋ ಅಲ್ಲವೋ ಎಂಬುದಷ್ಟೂ ಆ ಒಂದು ಪದದೊಳಗಿರುತ್ತದೆ. “ಬರಲಿಲ್ಲ” ಎಂಬುದರಲ್ಲಿ ಕಾಲವೂ ಇದೆ, ನಿಷೇಧವೂ ಇದೆ. “ಬಂದಳು” ಎಂದರೆ ಮುಂದೆ ಕರ್ತೃವನ್ನು ಹೇಳದಿದ್ದರೂ ನಡೆಯುತ್ತದೆ. ಹಾಗಾಗಿ ತಿದ್ದುವ ಕೆಲಸವನ್ನು ವಾಕ್ಯದ ಬಾಲದಿಂದ ಶುರು ಮಾಡಬೇಕು. ಕೊನೆಯ ಕ್ರಿಯಾಪದಕ್ಕೆ ಅಡಿಗೆರೆ ಹಾಕಿ. ಅದಕ್ಕೆ “ಯಾರು? ಯಾವುದು?” ಎಂದು ಕೇಳಿ. ಉತ್ತರ ಸಿಕ್ಕ ಪದಕ್ಕೂ ಅಡಿಗೆರೆ ಹಾಕಿ. ಎರಡೂ ಹೊಂದುತ್ತವೆಯೇ ನೋಡಿ. ಆಮೇಲೆ ನಡುವಿನದಕ್ಕೆ ಬನ್ನಿ. ಕಾಗುಣಿತ ಕಟ್ಟಕಡೆಗೆ. ಈ ಕ್ರಮ ತಪ್ಪಿ ಮೊದಲೇ ಕಾಗುಣಿತ ತಿದ್ದಲು ಕೂತರೆ, ಆಮೇಲೆ ಹೇಗೂ ಕಿತ್ತುಹಾಕುವ ಪದಗಳಿಗೆ ಶ್ರಮ ಹಾಕಿದ ಹಾಗಾಗುತ್ತದೆ.

ಬಾಲ ಮತ್ತು ತಲೆ

ಕರ್ತೃವಿಗೂ ಕ್ರಿಯೆಗೂ ಹೊಂದಿಕೆ ತಪ್ಪುವ ಜಾಗಗಳು ಕೆಲವೇ. ಒಂದು, ಸಂಸ್ಥೆ. “ಸರ್ಕಾರ ಹೇಳಿದ್ದಾರೆ”, “ಸಂಘ ತೀರ್ಮಾನಿಸಿದ್ದಾರೆ” ಎಂದು ಬರೆಯುತ್ತಾರೆ. ಮನಸ್ಸಿನಲ್ಲಿರುವುದು ಅಧಿಕಾರಿಗಳು, ಕಾಗದದ ಮೇಲಿರುವುದು ಸರ್ಕಾರ. ಸರ್ಕಾರ ನಪುಂಸಕಲಿಂಗ: “ಸರ್ಕಾರ ಹೇಳಿದೆ.” ಇನ್ನೊಂದು, ಮನುಷ್ಯರ ಎಣಿಕೆ. “ಎರಡು ಮಹಿಳೆಯರು” ಅಲ್ಲ, “ಇಬ್ಬರು ಮಹಿಳೆಯರು”. ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಅಲ್ಲಿಂದ ಮುಂದೆ “ಆರು ಜನ” ಎನ್ನುವುದೇ ರೂಢಿ. “ಅವರಿಗೆ ಇಬ್ಬರು ಮಕ್ಕಳಿವೆ” ಎಂದು ಬರೆಯುವವರಿಗೆ ‘ಅವರಿಗೆ’ ಮುಂದೆ ಬಂದದ್ದರಿಂದ ಕಣ್ಣು ತಪ್ಪುತ್ತದೆ. ಕ್ರಿಯೆ ಹೊಂದಬೇಕಾದ್ದು ಮಕ್ಕಳಿಗೆ: “ಮಕ್ಕಳಿದ್ದಾರೆ”. ಇದೇ ರೀತಿ “ಅವರಿಗೆ ಜ್ವರ ಬಂದಿದೆ” ಎಂಬಲ್ಲಿ ಬಂದಿರುವುದು ಜ್ವರ.

ಗೌರವ ನಡುವೆ ಕಳಚಿಬೀಳುವುದೂ ಉಂಟು. ಕಾರ್ಯಕ್ರಮದ ವರದಿ “ಮುಖ್ಯ ಅತಿಥಿಗಳು” ಎಂದು ಶುರುವಾಗಿ, ಮೂರು ಸಾಲು ದಾಟಿ “ಎಂದು ಹೇಳಿದ” ಎಂದು ಮುಗಿಯುತ್ತದೆ. ತಲೆಗೂ ಬಾಲಕ್ಕೂ ದೂರ ಹೆಚ್ಚಾದಷ್ಟೂ ಈ ತಪ್ಪು ಹೆಚ್ಚು. ನಾನು ಹೇಳುವ ಅಳತೆ ಇಷ್ಟು: ಕರ್ತೃವಿಗೂ ಕೊನೆಯ ಕ್ರಿಯೆಗೂ ನಡುವೆ ಹತ್ತು ಪದ ಮೀರಿದರೆ ವಾಕ್ಯವನ್ನು ಒಡೆಯಿರಿ, ಇಲ್ಲವೇ ಕರ್ತೃವನ್ನು ಕ್ರಿಯೆಯ ಹತ್ತಿರಕ್ಕೆ ಎಳೆಯಿರಿ. ಕನ್ನಡದಲ್ಲಿ ಪದಗಳ ಜಾಗ ಬದಲಿಸುವ ಸ್ವಾತಂತ್ರ್ಯ ಸಾಕಷ್ಟಿದೆ, ವಿಭಕ್ತಿ ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಆ ಸ್ವಾತಂತ್ರ್ಯ ಇರುವುದು ಇದಕ್ಕಾಗಿಯೇ.

ಕರ್ತೃವನ್ನು ಬಿಟ್ಟುಬಿಡುವುದು ಕನ್ನಡದ ಸಹಜ ಗುಣ. ಆದರೆ ಎಲ್ಲ ಕಡೆಯೂ ಬಿಡುವಂತಿಲ್ಲ. “ಮಾಡಿದೆ” ಎಂಬ ರೂಪವನ್ನು ನೋಡಿ. ನಾನು ಮಾಡಿದೆ, ನೀನು ಮಾಡಿದೆ, ಸಮಿತಿ ಮಾಡಿದೆ: ಮೂರಕ್ಕೂ ಒಂದೇ ಅಕ್ಷರ. ಮೊದಲ ಎರಡು ಭೂತಕಾಲ. ಮೂರನೆಯದು ‘ಮಾಡಿ’ಗೆ ‘ಇದೆ’ ಸೇರಿದ್ದು. “ಲೆಕ್ಕಪತ್ರ ಪರಿಶೀಲನೆ ಮಾಡಿದೆ” ಎಂದಷ್ಟೇ ಬರೆದರೆ ಯಾರು ಮಾಡಿದರೆಂದು ತಿಳಿಯುವುದಿಲ್ಲ. ಇಂಥಲ್ಲಿ ಕರ್ತೃ ಬೇಕೇ ಬೇಕು. “ಮಾಡಿದಳು”, “ಮಾಡಿದೆವು” ಬಂದಾಗ ಬಿಟ್ಟರೂ ನಷ್ಟವಿಲ್ಲ.

ನಿಷೇಧದ ರೂಪಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕನ್ನಡದ ಸೂಕ್ಷ್ಮ ಇರುವುದು ಇಲ್ಲಿಯೇ. ಕಾವೇರಿ ನೀರನ್ನೇ ತೆಗೆದುಕೊಳ್ಳಿ. “ನೀರು ಬರಲಿಲ್ಲ” ಎಂದರೆ ಬರಬೇಕಿದ್ದ ಹೊತ್ತು ಕಳೆದುಹೋಯಿತು, ಆ ಸರದಿ ಮುಗಿಯಿತು. “ನೀರು ಬಂದಿಲ್ಲ” ಎಂದರೆ ಇಷ್ಟು ಹೊತ್ತಾದರೂ ಬಂದಿಲ್ಲ, ಇನ್ನೂ ಬಂದೀತು ಎಂಬ ಆಸೆ ಇದೆ. “ನೀರು ಬರುತ್ತಿಲ್ಲ” ಎಂದರೆ ಈಗ, ಅಥವಾ ಕೆಲವು ದಿನಗಳಿಂದ, ಹರಿವೇ ನಿಂತಿದೆ. “ನೀರು ಬರುವುದಿಲ್ಲ” ಎಂದರೆ ನಾಳೆ ಬರುವುದಿಲ್ಲ, ಅಥವಾ ಈ ಬೀದಿಗೆ ಬರುವುದೇ ಇಲ್ಲ. ದೂರಿನ ಅರ್ಜಿಯಲ್ಲಿ ಈ ನಾಲ್ಕರಲ್ಲಿ ಯಾವುದನ್ನು ಹಾಕುತ್ತೀರಿ ಎಂಬುದರ ಮೇಲೆ, ಓದುವ ಎಂಜಿನಿಯರು ಪೈಪು ಒಡೆದಿದೆ ಎಂದುಕೊಳ್ಳುತ್ತಾರೋ ಹೊಸ ಸಂಪರ್ಕ ಕೇಳುತ್ತಿದ್ದಾರೆ ಎಂದುಕೊಳ್ಳುತ್ತಾರೋ ನಿಂತಿದೆ. ಮಾತಿನಲ್ಲಿ “ಬರ್ಲಿಲ್ಲ, ಬಂದಿಲ್ಲ, ಬರ್ತಿಲ್ಲ, ಬರಲ್ಲ” ಎಂದು ನಾಲ್ಕನ್ನೂ ತಪ್ಪಿಲ್ಲದೆ ಬಳಸುತ್ತೀರಿ. ಬರೆಯುವಾಗಲೂ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಬರಹದ ರೂಪಕ್ಕೆ ತನ್ನಿ.

“ಬಂದೀತು” ಎಂದೆನಲ್ಲ, ಅದೂ ಉಳಿಸಿಕೊಳ್ಳಬೇಕಾದ ರೂಪ. ಬಂದಾರು, ಆದೀತು, ಬಿದ್ದೀಯೆ. ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ಎನ್ನುತ್ತಾರೆ. “ಮಳೆ ಬರುವ ಸಾಧ್ಯತೆ ಇದೆ” ಎಂಬ ನಾಲ್ಕು ಪದದ ಕೆಲಸವನ್ನು “ಮಳೆ ಬಂದೀತು” ಎರಡರಲ್ಲಿ ಮುಗಿಸುತ್ತದೆ.

ನಡುವಿನ ಕೊಂಡಿಗಳು

ಬಾಲ ಗಟ್ಟಿಯಾದ ಮೇಲೆ ನಡುವಿನ ಸಣ್ಣ ಕ್ರಿಯೆಗಳನ್ನು ನೋಡಿ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವಾಗ ಮೊದಲು ನುಸುಳುವುದು “ಮತ್ತು”. “ಅವರು ಬಂದರು ಮತ್ತು ಕಾಫಿ ಕುಡಿದರು ಮತ್ತು ಹೊರಟರು.” ಕನ್ನಡಕ್ಕೆ ಈ ಮೂರನ್ನು ಪೋಣಿಸಲು ತನ್ನದೇ ದಾರ ಇದೆ: “ಬಂದು, ಕಾಫಿ ಕುಡಿದು ಹೊರಟರು.” ‘ಮತ್ತು’ ನಾಮಪದಗಳ ನಡುವೆ ಇರಲಿ, ಪೂರ್ಣ ಕ್ರಿಯೆಗಳ ನಡುವೆ ಸಿಕ್ಕಿದರೆ ಸುತ್ತು ಹಾಕಿ. ಹತ್ತರಲ್ಲಿ ಎಂಟು ಸಲ ಮೊದಲಿನ ಕ್ರಿಯೆಯನ್ನು ‘ಇ’ ಅಥವಾ ‘ದು’ಗೆ ತಿರುಗಿಸಿದರೆ ವಾಕ್ಯ ಉಸಿರಾಡುತ್ತದೆ. ನಾಮಪದಗಳಿಗೂ “ಅಣ್ಣನೂ ತಂಗಿಯೂ” ಎನ್ನುವ ದಾರಿ ಇದ್ದೇ ಇದೆ.

ಆದರೆ ಈ ದಾರಕ್ಕೊಂದು ಷರತ್ತಿದೆ. ಸಾಮಾನ್ಯವಾಗಿ ಎರಡೂ ಕೆಲಸವನ್ನು ಒಬ್ಬರೇ ಮಾಡಿರಬೇಕು. “ಗೇಟು ತೆರೆದು ನಾಯಿ ಓಡಿಹೋಯಿತು” ಎಂದರೆ ನಾಯಿಯೇ ಗೇಟು ತೆರೆದಂತಾಯಿತು. ತೆರೆದದ್ದು ಸೆಕ್ಯೂರಿಟಿಯವರಾದರೆ “ಸೆಕ್ಯೂರಿಟಿಯವರು ಗೇಟು ತೆರೆದಾಗ ನಾಯಿ ಓಡಿಹೋಯಿತು” ಎನ್ನಬೇಕು. “ಮಳೆ ಬಂದು ರಸ್ತೆ ಕೆಸರಾಯಿತು” ಎಂಬಲ್ಲಿ ಕರ್ತೃ ಬೇರೆಯಾದರೂ ನಡೆಯುತ್ತದೆ, ಏಕೆಂದರೆ ಒಂದು ಇನ್ನೊಂದಕ್ಕೆ ಕಾರಣ. ಕಾರಣದ ನಂಟಿಲ್ಲದೆ ಕರ್ತೃ ಬದಲಾದರೆ ‘ದಾಗ’, ‘ದ ಮೇಲೆ’, ‘ದ್ದರಿಂದ’ ಬಳಸಿ.

“ರವಿ ಸುರೇಶನಿಗೆ ಅವನ ಬೈಕು ಕೊಟ್ಟ.” ಬೈಕು ಯಾರದು? ರವಿಯದಾದರೆ “ತನ್ನ ಬೈಕು” ಎನ್ನಿ, ಗೊಂದಲ ಮುಗಿಯಿತು. ತಾನು, ತನ್ನ, ತಮ್ಮ ಇವು ಕರ್ತೃವಿನತ್ತಲೇ ತಿರುಗುತ್ತವೆ. ಕನ್ನಡ ಕೊಟ್ಟಿರುವ ಇಷ್ಟು ಒಳ್ಳೆಯ ಸಲಕರಣೆಯನ್ನು ಇತ್ತೀಚಿನ ಬರಹಗಳಲ್ಲಿ ‘ಅವನ’, ‘ಅವಳ’ ನುಂಗಿಹಾಕುತ್ತಿರುವುದು ನಿಜಕ್ಕೂ ನೋವಿನ ಸಂಗತಿ.

ಹೆಸರಿನ ಮುಂದೆ ಬರುವ ‘ಬಂದ’, ‘ಮಾಡುವ’, ‘ಇಲ್ಲದ’ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನೂ ಒಮ್ಮೆ ಕೇಳಿಕೊಳ್ಳಿ. “ಹೊಸದಾಗಿ ಬಂದ ಮಾಲೀಕರ ಕಾರು” ಎಂದರೆ ಹೊಸದು ಮಾಲೀಕರೋ ಕಾರೋ? “ಮಾಲೀಕರ ಹೊಸ ಕಾರು” ಎಂದು ವಿಶೇಷಣವನ್ನು ಅದರ ಹೆಸರಿಗೆ ಒತ್ತಿ ಇಡಿ. ಹೊಸಬರು ಮಾಲೀಕರಾದರೆ “ಹೊಸ ಮಾಲೀಕರ ಕಾರು”. ಎರಡೂ ಮೂರೇ ಪದ.

“ಇದು ಒಂದು ಒಳ್ಳೆಯ ಪುಸ್ತಕವಾಗಿದೆ.” ಈ ಸಾಲಿನಲ್ಲಿ ಎರಡು ಪರದೇಶಿ ಹೊರೆಗಳಿವೆ. ‘ಒಂದು’ ಎಂಬುದು ಕನ್ನಡದಲ್ಲಿ ಎಣಿಕೆ; ಎಣಿಸದೇ ಇದ್ದಾಗ ಬೇಡ. ‘ಆಗಿದೆ’ ಎಂದರೆ ಒಂದು ಇನ್ನೊಂದಾಗಿ ಬದಲಾಗಿದೆ ಅಥವಾ ಮುಗಿದಿದೆ: ಅಡುಗೆ ಆಗಿದೆ, ಮಳೆಗೆ ರಸ್ತೆ ಹೊಳೆಯಾಗಿದೆ. ಬದಲಾವಣೆ ಇಲ್ಲದಿದ್ದರೆ ಕನ್ನಡಕ್ಕೆ ಅಲ್ಲಿ ಕ್ರಿಯಾಪದವೇ ಬೇಡ. “ಇದು ಒಳ್ಳೆಯ ಪುಸ್ತಕ.” “ಬೆಂಗಳೂರು ಕರ್ನಾಟಕದ ರಾಜಧಾನಿ.” ಕಾಲ ತೋರಿಸಬೇಕಾದಾಗ ಮಾತ್ರ ಅದು ಬೇಕು: “ಈಗಿನ ಕೆಂಪೇಗೌಡ ಬಸ್ ನಿಲ್ದಾಣದ ಜಾಗ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು.” ನಿಮ್ಮ ಹಳೆಯ ಬರಹವೊಂದನ್ನು ತೆರೆದು ‘ಆಗಿದೆ’ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಅಳಿಸಿ ಓದಿ ನೋಡಿ. ಅರ್ಥ ಕೆಟ್ಟ ಕಡೆ ಮಾತ್ರ ಮರಳಿ ಸೇರಿಸಿ. ಹತ್ತು ನಿಮಿಷದ ಕೆಲಸ, ಬರಹದ ಚಹರೆಯೇ ಬದಲಾಗುತ್ತದೆ.

ಒಂದು ನೋಟಿಸು, ಹತ್ತಿರದಿಂದ

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಒಂದೇ ಕಡೆ ನೋಡಲು ಲಿಫ್ಟಿನ ಪಕ್ಕ ಅಂಟಿಸುವ ಬಗೆಯ ಒಂದು ನೋಟಿಸು:

“ಎಲ್ಲಾ ನಿವಾಸಿಗಳ ಗಮನಕ್ಕೆ ತರಬಯಸುವುದೇನೆಂದರೆ, ನಾಳೆ ಕಾವೇರಿ ನೀರಿನ ಸರಬರಾಜು ಇರುವುದಿಲ್ಲವಾಗಿದ್ದು, ಸಂಘದ ವತಿಯಿಂದ ಟ್ಯಾಂಕರ್ ನೀರನ್ನು ತರಿಸಲಾಗುತ್ತಿದ್ದು, ಮತ್ತು ನೀರನ್ನು ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ ಬಿಡಲಾಗುವುದರಿಂದ ಪ್ರತಿಯೊಬ್ಬರು ಶೇಖರಿಸಿಟ್ಟುಕೊಂಡು ಮಿತವಾಗಿ ಬಳಸಿ ಸಹಕರಿಸಬೇಕಾಗಿ ವಿನಂತಿಸಲಾಗಿದೆ.”

27 ಪದ, ಒಂದೇ ವಾಕ್ಯ. ಬಾಲ “ವಿನಂತಿಸಲಾಗಿದೆ”. ಯಾರು ವಿನಂತಿಸಿದರು? ಉತ್ತರವಿಲ್ಲ. ‘ಲಾಗು’ ಎಂಬುದು ಮಾಡಿದವರನ್ನು ಮರೆಮಾಡುವ ರೂಪ. ಮಾಡಿದವರು ಯಾರೆಂದು ತಿಳಿಯದಾಗ, ತಿಳಿಯುವುದು ಮುಖ್ಯವಲ್ಲದಾಗ ಅದು ಸರಿ. ಇಲ್ಲಿ ಒಂದು ಕೈಯಿಂದ ಮರೆಮಾಡಿ, ಇನ್ನೊಂದು ಕೈಯಿಂದ “ಸಂಘದ ವತಿಯಿಂದ” ಎಂದು ಮರಳಿ ತಂದಿದ್ದಾರೆ. ಸಂಘವೇ ಬರೆಯುತ್ತಿರುವಾಗ “ತರಿಸುತ್ತಿದ್ದೇವೆ” ಸಾಕು. ಕೆಳಗೆ ಸಹಿ ಇದ್ದೇ ಇರುತ್ತದೆ.

ಎರಡನೆಯ ಕಾಯಿಲೆ ‘ದ್ದು’. ಇರುವುದಿಲ್ಲವಾಗಿದ್ದು, ತರಿಸಲಾಗುತ್ತಿದ್ದು. ಸುದ್ದಿಬರಹದಿಂದ ಬಂದ ಚಟ ಇದು. ಪೂರ್ಣವಿರಾಮ ಹಾಕಬೇಕಾದ ಕಡೆಯಲ್ಲೆಲ್ಲ ‘ದ್ದು’ ಹಾಕಿ ಅಲ್ಪವಿರಾಮ ಕೊಡುವುದು. ಇದರಲ್ಲಿ ಕಾರಣವೂ ಇಲ್ಲ, ಕಾಲದ ಹಿಂದುಮುಂದೂ ಇಲ್ಲ, ಬರೀ ಮುಂದೂಡಿಕೆ. ‘ದ್ದು’ ಕಂಡಲ್ಲಿ ವಾಕ್ಯ ಮುಗಿಸಿ. “ಇರುವುದಿಲ್ಲವಾಗಿದ್ದು, … ತರಿಸಲಾಗುತ್ತಿದ್ದು, ಮತ್ತು” ಎಂಬ ಕಡೆಯ ‘ಮತ್ತು’ ತಾನಾಗಿ ಉದುರುತ್ತದೆ. “ಪ್ರತಿಯೊಬ್ಬರು” ಎಂಬಲ್ಲಿ ಮತ್ತೆ ಅದೇ ಕೊಂಬಿನ ಇಳಿ ಹೋಗಿದೆ.

“ನಾಳೆ ಕಾವೇರಿ ನೀರು ಬರುವುದಿಲ್ಲ. ಟ್ಯಾಂಕರ್ ನೀರು ತರಿಸುತ್ತಿದ್ದೇವೆ. ಅದನ್ನು ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ ಬಿಡುತ್ತೇವೆ. ದಯವಿಟ್ಟು ಆಗಲೇ ತುಂಬಿಸಿಟ್ಟುಕೊಂಡು, ದಿನವಿಡೀ ಮಿತವಾಗಿ ಬಳಸಿ.”

19 ಪದ, ನಾಲ್ಕು ವಾಕ್ಯ. ‘ನೀರನ್ನು ತರಿಸು’ ಎಂಬುದು ‘ನೀರು ತರಿಸು’ ಆಯಿತು, ಗಮನಿಸಿ. ವಸ್ತುವಿಗೆ ‘ಅನ್ನು’ ಬಿಟ್ಟರೂ ನಡೆಯುತ್ತದೆ: ಪುಸ್ತಕ ಓದಿದೆ, ಕಸ ಗುಡಿಸಿದರು. ನಿರ್ದಿಷ್ಟವಾಗಿ ಅದನ್ನೇ ಎಂದು ತೋರಿಸಬೇಕಾದಾಗ, ಆ ಪದ ಕ್ರಿಯೆಯಿಂದ ದೂರ ಹೋದಾಗ ಹಾಕಿ. ಮನುಷ್ಯರಿಗೆ ಮಾತ್ರ ಬಿಡುವಂತಿಲ್ಲ: “ಹುಡುಗನನ್ನು ಕರೆ”.

‘ಸಹಕರಿಸಬೇಕಾಗಿ ವಿನಂತಿ’ ಹೋದರೆ ವಿನಯ ಹೋಗುತ್ತದಲ್ಲ ಎಂದು ಕೆಲವರಿಗೆ ಅಳುಕು. ವಿನಯ ‘ದಯವಿಟ್ಟು’ವಿನಲ್ಲೂ ‘ಬಳಸಿ’ ಎಂಬ ಬಹುವಚನದಲ್ಲೂ ಇದೆ. ಬೆಳಿಗ್ಗೆ ಆರಕ್ಕೆ ಲಿಫ್ಟಿಗೆ ಕಾಯುತ್ತ ನಿಂತವರಿಗೆ ಒಂದೇ ಓಟಕ್ಕೆ ಅರ್ಥವಾಗುವುದೂ ಅವರಿಗೆ ತೋರುವ ಮರ್ಯಾದೆಯೇ.

ಊರಿನ ಹೆಸರು ಕಲಿಸುವ ವಿಭಕ್ತಿ

ಕ್ಕೆ ಎಲ್ಲಿ, ಗೆ ಎಲ್ಲಿ ಎಂದು ಬಾಯಿಪಾಠ ಮಾಡುವ ಬದಲು ಸಿಟಿ ಬಸ್ಸಿನ ಬೋರ್ಡು ಓದಿ. ಜಯನಗರಕ್ಕೆ, ಯಶವಂತಪುರಕ್ಕೆ, ಕೋರಮಂಗಲಕ್ಕೆ, ಹೆಬ್ಬಾಳಕ್ಕೆ: ‘ಅ’ಕಾರದಲ್ಲಿ ಮುಗಿಯುವ, ಮನುಷ್ಯರಲ್ಲದ ಹೆಸರಿಗೆ ‘ಕ್ಕೆ’. ಬಸವನಗುಡಿಗೆ, ಚಾಮರಾಜಪೇಟೆಗೆ: ‘ಇ’, ‘ಎ’ ಕೊನೆಗಿದ್ದರೆ ‘ಗೆ’. ಬೆಂಗಳೂರಿಗೆ, ಮೈಸೂರಿಗೆ: ಕೊನೆಯ ‘ಉ’ ಹೋಗಿ ‘ಇಗೆ’. ಸಪ್ತಮಿಯೂ, ಅಂದರೆ ‘ಅಲ್ಲಿ’ ಪ್ರತ್ಯಯವೂ, ಇದೇ ಗುಂಪುಗಳಲ್ಲಿ ನಡೆಯುತ್ತದೆ: ಜಯನಗರದಲ್ಲಿ, ಬಸವನಗುಡಿಯಲ್ಲಿ, ಬೆಂಗಳೂರಿನಲ್ಲಿ. ಮನುಷ್ಯರ ಹೆಸರು ಅಕಾರಾಂತವಾದರೂ ‘ನಿಗೆ’: ರಾಮನಿಗೆ.

ಆ್ಯಪುಗಳಿಂದ ಬರುವ “ಬೆಂಗಳೂರುನಿಂದ ಮೈಸೂರುಗೆ” ಎಂಬ ಸಂದೇಶದ ಮೂಲವೂ ಇದೇ. ಸಾಫ್ಟ್‌ವೇರಿನವರು ಊರಿನ ಹೆಸರಿಗೆ ಖಾಲಿ ಜಾಗ ಬಿಟ್ಟು, ಅದರ ಮುಂದೆ ಎಲ್ಲ ಊರಿಗೂ ಒಂದೇ ಪ್ರತ್ಯಯ ಅಂಟಿಸಿರುತ್ತಾರೆ. ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ, ಕನ್ನಡದಲ್ಲಿ ಹೆಸರೇ ರೂಪ ಬದಲಿಸುತ್ತದೆ. ಇಂಥ ಸಂದೇಶ ಬರೆಯುವ ಕೆಲಸ ನಿಮ್ಮದಾದರೆ ಪ್ರತ್ಯಯ ಬೇಡದ ವಾಕ್ಯ ಕಟ್ಟಿ: “ಹೊರಡುವ ಊರು: ಬೆಂಗಳೂರು. ತಲುಪುವ ಊರು: ಮೈಸೂರು.”

ಇಂಗ್ಲಿಷ್ ಪದಗಳಿಗೆ ಪ್ರತ್ಯಯ ಹಚ್ಚುವಾಗ ‘ಬಸ್‌ನಲ್ಲಿ’, ‘ಬ್ಯಾಂಕ್‌ಗೆ’ ಎಂದು ಅರ್ಧಾಕ್ಷರ ಉಳಿಸುವುದಕ್ಕಿಂತ ‘ಬಸ್ಸಿನಲ್ಲಿ’, ‘ಬ್ಯಾಂಕಿಗೆ’ ಎನ್ನುವುದೇ ನನಗೆ ಹೆಚ್ಚು ಸರಿ ಎನಿಸುತ್ತದೆ. ಬಾಯಿ ಹೇಳುವುದೂ ಹಾಗೆಯೇ.

ಬಿಡಿಸಿ ಬರೆಯಬೇಕೋ ಕೂಡಿಸಬೇಕೋ ಎಂಬುದು ಇನ್ನೊಂದು ತೊಡಕು. ‘ಬೇಕು’, ‘ಬಹುದು’, ‘ಬಾರದು’ ಹಿಂದಿನ ಕ್ರಿಯೆಗೆ ಅಂಟಿಯೇ ಇರಬೇಕು: ಮಾಡಬೇಕು, ಬರಬಹುದು. ಕೆಲವು ಕಡೆ ಬಿಡಿಸಿದರೆ ಅರ್ಥವೇ ಬೇರೆ. “ಅರ್ಜಿ ಬರೆದುಕೊಟ್ಟರು” ಎಂದರೆ ಇನ್ನೊಬ್ಬರಿಗಾಗಿ ಬರೆದರು. “ಅರ್ಜಿ ಬರೆದು ಕೊಟ್ಟರು” ಎಂದರೆ ಬರೆದರು, ಆಮೇಲೆ ಕೈಗೆ ಕೊಟ್ಟರು.

ಈಗ ಕಾಗುಣಿತ

2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದಾಯಿತು. ಬೆಂಗಳೂರಿನ ಬೀದಿಗಳಲ್ಲಿ ಕನ್ನಡ ಹೆಚ್ಚು ಕಾಣುವುದು ಸಂತೋಷ. ಜೊತೆಗೆ ಕಲಿಯುವವರಿಗೆ ಬೀದಿಯೇ ಅಭ್ಯಾಸ ಪುಸ್ತಕ. ಫಲಕ ಓದಿ, ತಪ್ಪು ಕಂಡರೆ ಏಕೆ ತಪ್ಪು ಎಂದು ಕೇಳಿಕೊಳ್ಳಿ. ಸಂಧಿ ಉಪಯೋಗಕ್ಕೆ ಬರುವುದು ಇಲ್ಲಿ.

ದರ್ಶಿನಿಗಳ ಮೇಲೆ ಕಾಣುವ “ಉಪಹಾರ” ನೋಡಿ. ತಿಂಡಿ ಎಂಬ ಅರ್ಥ ಬರಬೇಕಾದರೆ ಉಪ + ಆಹಾರ = ಉಪಾಹಾರ; ಒಂದೇ ಬಗೆಯ ಎರಡು ಸ್ವರ ಸೇರಿ ದೀರ್ಘವಾಗುವ ಸವರ್ಣದೀರ್ಘ ಸಂಧಿ. ‘ಉಪಹಾರ’ ಎಂದರೆ ಕಾಣಿಕೆ. “ಕೋಟ್ಯಾಂತರ” ಎಂದು ಎಷ್ಟೋ ಜನ ಬರೆಯುವುದು ‘ಲಕ್ಷಾಂತರ’ದ ಪಕ್ಕದಲ್ಲಿ ಅದನ್ನು ಕೇಳಿ ಕೇಳಿ. ಲಕ್ಷ + ಅಂತರದಲ್ಲಿ ಎರಡು ‘ಅ’ ಸೇರಿ ‘ಆ’ ಆಯಿತು. ಕೋಟಿ + ಅಂತರದಲ್ಲಿ ‘ಇ’ ಹೋಗಿ ‘ಯ’ ಬಂತು, ಮುಂದಿನ ‘ಅ’ ಹಾಗೆಯೇ ಉಳಿಯಿತು: ಕೋಟ್ಯಂತರ. ಜಾತ್ಯತೀತಕ್ಕೂ ಇದೇ ಲೆಕ್ಕ. “ಅನಾನುಕೂಲ” ತಪ್ಪು; ಅನ್ + ಅನುಕೂಲ = ಅನನುಕೂಲ, ದೀರ್ಘ ಎಲ್ಲಿಂದಲೂ ಬರುವುದಿಲ್ಲ. ಫ್ಲೆಕ್ಸುಗಳ “ಶುಭಾಷಯ” ಶುಭ + ಆಶಯ. ‘ಶುಭಾಶಯ’ ಎಂದು ಒಮ್ಮೆ ಬಿಡಿಸಿದವರು ಮತ್ತೆ ‘ಷ’ ಹಾಕುವುದಿಲ್ಲ.

ಋ ಮತ್ತು ರ-ಒತ್ತಿನ ಗೊಂದಲ ಅರ್ಥವನ್ನೇ ಕೆಡಿಸುತ್ತದೆ. ಗೃಹ ಎಂದರೆ ಮನೆ, ಗ್ರಹ ಎಂದರೆ ಶನಿ, ಗುರು, ಮಂಗಳ. ಆಹ್ವಾನ ಪತ್ರಿಕೆಯಲ್ಲಿ “ಗ್ರಹಪ್ರವೇಶ” ಎಂದು ಅಚ್ಚಾದರೆ ಮನೆಯವರಿಗೆ ಕಸಿವಿಸಿ. ತಿರುಗುಮುರುಗಾಗಿ “ಶೃದ್ಧಾಂಜಲಿ” ಎಂದೂ ಬರೆಯುತ್ತಾರೆ. ಅದು ಶ್ರದ್ಧೆಯಿಂದ ಬಂದದ್ದು, ಶ್ರದ್ಧಾಂಜಲಿ.

ಮಹಾಪ್ರಾಣಕ್ಕೆ ಒಂದು ಒಳ್ಳೆಯ ಆಸರೆ ಇದೆ. ಕನ್ನಡದ್ದೇ ಆದ ಕ್ರಿಯಾರೂಪಗಳಲ್ಲಿ ಅದು ಬರುವುದಿಲ್ಲ: ಬಿದ್ದ, ಗೆದ್ದ, ಎದ್ದ, ಕದ್ದ, ಇದ್ದ. ಸಂಸ್ಕೃತದಿಂದ ಬಂದ ಯುದ್ಧ, ಶುದ್ಧ, ಸಿದ್ಧ, ವಿರುದ್ಧ, ಪ್ರಸಿದ್ಧ, ವೃದ್ಧಿ ಇವುಗಳಲ್ಲಿ ಒತ್ತು ‘ಧ’. ಪದ ಯಾವ ಮನೆಯದು ಎಂದು ಕೇಳಿಕೊಂಡರೆ ಅರ್ಧ ತಪ್ಪು ಹೋಗುತ್ತದೆ. ‘ಮಧ್ಯಾಹ್ನ’ದಲ್ಲಿ ಎರಡು ಬಲೆ: ‘ಧ’ ತಪ್ಪಿದರೆ ಮದ್ಯ ಬರುತ್ತದೆ, ಬಾಯಿ ‘ನ್ಹ’ ಎಂದರೂ ಬರಹದಲ್ಲಿ ಮೊದಲು ‘ಹ’, ಕೆಳಗೆ ‘ನ’ದ ಒತ್ತು. ಚಿಹ್ನೆಯೂ ಹಾಗೆಯೇ.

ಹಳೆ ಮೈಸೂರಿನ ಕಡೆಯ ಮಾತಿನಲ್ಲಿ ಹಕಾರ ಸವೆಯುವುದುಂಟು. ಅದು ಮಾತಿನ ರೀತಿ, ಅದರಲ್ಲಿ ಕೀಳು ಏನೂ ಇಲ್ಲ. ಬರೆಯುವಾಗ ಅದನ್ನು ಸರಿಮಾಡುವ ಅವಸರದಲ್ಲಿ ಇಲ್ಲದ ಕಡೆಗೂ ‘ಹ’ ಬೀಳುತ್ತದೆ: “ಕೆಲಸ ಹಾಗಿದೆ”, “ಹಾದರೆ”. ‘ಆ ರೀತಿ’ ಎಂಬ ಅರ್ಥ ಬಂದರೆ ‘ಹಾಗೆ’, ‘ಆಗುವುದು’ ಎಂಬ ಅರ್ಥ ಬಂದರೆ ‘ಆಗಿದೆ’, ‘ಆದರೆ’. ಇಷ್ಟು ಪರೀಕ್ಷೆ ಸಾಕು.

ತಪ್ಪಿನ ಇನ್ನೊಂದು ತವರು ಮೊಬೈಲಿನ ಕೀಲಿಮಣೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸಿಕೊಳ್ಳುವ ವಿಧಾನದಲ್ಲಿ ಶ-ಷ, ಲ-ಳ, ನ-ಣ ಯಾವುದೆಂದು ಯಂತ್ರವೇ ಊಹಿಸುತ್ತದೆ. ನೀವು ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತುತ್ತೀರಿ. ವರ್ಷಗಟ್ಟಲೆ ಬರೆದರೂ ಯಾವ ಅಕ್ಷರ ಎಂಬ ನೆನಪು ಬೆರಳಿಗೆ ಕೂರುವುದಿಲ್ಲ. ನೇರ ಕನ್ನಡ ಕೀಲಿಮಣೆಯಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಜಾಗ ಇದೆ. ಮೊದಮೊದಲು ನಿಧಾನ, ಆದರೆ ಆಯ್ಕೆ ನಿಮ್ಮದೇ ಆಗುತ್ತದೆ. ಪದಪರೀಕ್ಷಕದ ಕೆಂಪು ಗೆರೆಯನ್ನು ಪೂರ್ತಿ ನಂಬಬೇಡಿ. ಕನ್ನಡದ ಒಂದೊಂದು ಧಾತುವಿಗೂ, ಅಂದರೆ ಕ್ರಿಯೆಯ ಮೂಲರೂಪಕ್ಕೂ, ರೂಪಗಳು ಬಹಳ. ಪಟ್ಟಿಯಲ್ಲಿಲ್ಲದ ಸರಿ ಪದಕ್ಕೂ ಗೆರೆ ಬೀಳುತ್ತದೆ, ‘ಯಾರು’ ‘ಯಾರೂ’ ಅದಲುಬದಲಾದರೆ ಬೀಳುವುದೇ ಇಲ್ಲ.

ದಿನಕ್ಕೆ ಇಪ್ಪತ್ತು ನಿಮಿಷ

ಉಕ್ತಲೇಖನವನ್ನು ಮೀರಿಸಿದ ಅಭ್ಯಾಸ ಇನ್ನೂ ಬಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಪತ್ರಿಕೆಯ ಸಂಪಾದಕೀಯದಿಂದ ಸುಮಾರು ನೂರು ಪದದ ಪ್ಯಾರಾ ಆರಿಸಿ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಓದಿ ಹೇಳಿದರೆ ಬಹಳ ಒಳ್ಳೆಯದು. ಇಲ್ಲವಾದರೆ ನೀವೇ ಓದಿ ಫೋನಿನಲ್ಲಿ ಧ್ವನಿಮುದ್ರಿಸಿ, ಒಂದು ದಿನ ಬಿಟ್ಟು ಕೇಳುತ್ತ ಬರೆಯಿರಿ. ಪೆನ್ನಿನಲ್ಲಿ ಬರೆಯಿರಿ, ಊಹಿಸಿ ಕೊಡುವ ಯಂತ್ರ ಅಲ್ಲಿರುವುದಿಲ್ಲ. ಆಮೇಲೆ ಮೂಲದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ತಪ್ಪನ್ನು ಬರೀ ತಿದ್ದಿ ಬಿಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ತಪ್ಪಾದ ರೂಪ, ಸರಿಯಾದ ರೂಪ, ಏಕೆ ತಪ್ಪಿತು ಎಂದು ಮೂರು ಕಾಲಂ ಮಾಡಿ. ಎರಡು ವಾರ ಕಳೆದು ಅದನ್ನು ಓದಿದರೆ ನಿಮ್ಮ ತಪ್ಪುಗಳೆಲ್ಲ ನಾಲ್ಕೈದು ಬಗೆಯವಷ್ಟೇ ಎಂದು ಕಾಣುತ್ತದೆ. ಆಮೇಲೆ ಹೋರಾಟ ಅವುಗಳ ಜೊತೆ ಮಾತ್ರ.

ವಾಕ್ಯಕ್ಕೆ ಬೇರೆ ಅಭ್ಯಾಸ. ಹೇಳಬೇಕಾದದ್ದನ್ನು ಅಕ್ಕನಿಗೆ ಫೋನಿನಲ್ಲಿ ಹೇಳುವ ಹಾಗೆ ಮೊದಲು ಬಾಯಲ್ಲಿ ಹೇಳಿ. “ನಾವು ಮುಂದಿನ ವಾರ ಹೋಗ್ತಾ ಇದೀವಿ, ಆದ್ರೆ ಅವ್ರು ಬರಲ್ಲ ಅಂತ ಹೇಳಿದ್ರು.” ಅದನ್ನೇ ಬರಹದ ರೂಪಕ್ಕೆ ಏರಿಸಿ: “ನಾವು ಮುಂದಿನ ವಾರ ಹೋಗುತ್ತಿದ್ದೇವೆ, ಆದರೆ ಅವರು ಬರುವುದಿಲ್ಲ ಎಂದು ಹೇಳಿದರು.” ಪದಗಳ ಸಾಲು ಬದಲಾಗಲಿಲ್ಲ, ರೂಪ ಮಾತ್ರ ಬದಲಾಯಿತು. ಬ್ಲಾಗಿನಲ್ಲಿ ಆಡುಮಾತಿನಲ್ಲೇ ಬರೆಯುವುದಾದರೆ ಹಾಗೂ ಬರೆಯಬಹುದು, ಆದರೆ ಮೊದಲಿಂದ ಕೊನೆಯವರೆಗೆ. ಒಂದು ಸಾಲಿನಲ್ಲಿ ‘ಹೋಗ್ತೀವಿ’, ಮುಂದಿನದರಲ್ಲಿ ‘ಹೋಗುತ್ತೇವೆ’ ಬಂದರೆ ಓದುವವರ ಕಿವಿ ಎಡವುತ್ತದೆ.

ನಿಘಂಟು ಪಕ್ಕದಲ್ಲಿರಲಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲೇ ಇದೆ. ಅದರ ದೊಡ್ಡ ನಿಘಂಟು 8 ಸಂಪುಟ, ಮನೆಗೆ ಸಂಕ್ಷಿಪ್ತ ನಿಘಂಟು ಸಾಕು. ಹುಡುಕುವಾಗ ಧಾತುವಿನಿಂದ ಹುಡುಕಿ. ‘ಬಂದ’ ಸಿಗದಿದ್ದರೆ ‘ಬರು’, ‘ಎದ್ದ’ ಸಿಗದಿದ್ದರೆ ‘ಏಳು’, ‘ನಿಂತ’ಕ್ಕೆ ‘ನಿಲ್ಲು’, ‘ಇಟ್ಟ’ಕ್ಕೆ ‘ಇಡು’.

ಬರೆದ ಕೂಡಲೇ ತಿದ್ದಬೇಡಿ. ಏನು ಬರೆದಿದ್ದೇವೆಂದು ತಲೆಗೆ ಗೊತ್ತಿರುವುದರಿಂದ ಕಣ್ಣು ಇಲ್ಲದ ಅಕ್ಷರವನ್ನೂ ಓದಿಬಿಡುತ್ತದೆ. ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒಮ್ಮೆ ಗಟ್ಟಿಯಾಗಿ ಓದಿ; ಉಸಿರು ಸಾಲದ ಕಡೆ ವಾಕ್ಯ ಒಡೆಯಿರಿ. ಆಮೇಲೆ ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ, ಒಂದೊಂದನ್ನೇ ಬಿಡಿಯಾಗಿ, ಕಾಗುಣಿತಕ್ಕಾಗಿ ಮಾತ್ರ ನೋಡಿ. ಅರ್ಥದ ಓಟ ತಪ್ಪಿದಾಗಲೇ ಕಣ್ಣು ಅಕ್ಷರದ ಮೇಲೆ ನಿಲ್ಲುವುದು.